ಅಳಿಯನ ಕಾವಲು

ನನ್ನ ತಾಯಿಯ ಜೀವ ಒಂದು ಹೂಸಿಗಾಗಿ ಕಾಯುತ್ತಿತ್ತು ಎಂದರೆ ನೀವು ನಗುತ್ತೀರಿ. ನಗಿರಿ, ಅಡ್ಡಿಯಿಲ್ಲ. ನಾನೂ ನಕ್ಕಿದ್ದೇನೆ, ಆದರೆ ಎಲ್ಲ ಮುಗಿದ ಮೇಲೆ. ಆ ಹೊತ್ತಿನಲ್ಲಿ ಯಾರಾದರೂ ನನ್ನೆದುರು ನಕ್ಕಿದ್ದರೆ ಅವರ ಹಲ್ಲು ಉದುರಿಸುತ್ತಿದ್ದೆ.

ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಂದು ಹತ್ತು ಹನ್ನೆರಡು ವರ್ಷವಾಗಿದ್ದ ಕಾಲ. ನಾನು, ಯಮನೂರಮ್ಮ, ಸಿಂಧನೂರಿನ ಹತ್ತಿರ ಕಾಲುವೆಯ ಜೊತೆಗೇ ಹುಟ್ಟಿದ ಒಂದು ಕ್ಯಾಂಪು ಊರಿನಲ್ಲಿ ಸಂಸಾರ ಹೂಡಿದ್ದೆ. ನನ್ನ ಗಂಡ ಗದ್ದೆಪ್ಪ. ಆಗೆಲ್ಲ ಗಂಡನ ಹೆಸರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಈಗ ಹೇಳುತ್ತೇನೆ, ಏನು ಮಾಡುತ್ತಾನೆ ನೋಡೋಣ. ಅವನು ಕಾಲುವೆಯ ಲಸ್ಕರ್. ಅಂದರೆ ತೂಬು ತೆರೆಯುವವನು, ಮುಚ್ಚುವವನು, ಮೇಲಿನ ಹೊಲದವರು ಕದ್ದು ನೀರು ತಿರುಗಿಸಿಕೊಳ್ಳದಂತೆ ದಂಡೆಯ ಮೇಲೆ ಕೋಲು ಹಿಡಿದು ಕೂರುವವನು. ಕೂರುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಬಿಸಿಲು ಬರಲಿ, ಮಳೆ ಬರಲಿ, ಬೈಗುಳ ಬರಲಿ, ಕೂತನೆಂದರೆ ಕೂತ.

ಅವ್ವ ಆದಮ್ಮ ಪಾಮನಕಲ್ಲೂರಿನವಳು. ನಾನು ಚಿಕ್ಕವಳಿದ್ದಾಗಲೇ ಅಪ್ಪ ತೀರಿಕೊಂಡಿದ್ದ, ನಾನೊಬ್ಬಳೇ ಮಗಳು. ಮಳೆಯನ್ನೇ ನಂಬಿದ ಜೋಳದ ಸೀಮೆಯವಳಿಗೆ ನೀರು ನಿಂತ ಗದ್ದೆ ಎಂದರೆ ಸೋಜಿಗ. ನಾಟಿಯ ಹಂಗಾಮಿನಲ್ಲಿ ನಮ್ಮಲ್ಲಿಗೆ ಬಂದವಳು, ಬೇಡವೆಂದರೂ ಕೇಳದೆ ದಿನವೂ ಗದ್ದೆಗೆ ಇಳಿಯುತ್ತಿದ್ದಳು. ಅದು ಕೂಲಿಯ ಆಸೆಯಲ್ಲ, ಕೆಸರಿನಲ್ಲಿ ಕಾಲಿಡುವ ಆಸೆ. ಒಂದು ದಿನ ಮುರಿದ ಕುಡುಗೋಲಿನ ಚೂರೊಂದು ಮೀನಖಂಡದೊಳಗೆ ಹೊಕ್ಕಿತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಸೀರೆ ಎತ್ತಿ ಕಾಲು ತೋರಿಸಬೇಕು, ಮನೆಯಲ್ಲಿ ಅಳಿಯ ಇದ್ದಾನೆ. ಅರಿಸಿನ ಮೆತ್ತಿ ಬಟ್ಟೆ ಸುತ್ತಿ, ‘ಊರಾಗ ಕೆಲಸ ಐತಿ’ ಎಂದು ಹೊರಟುಹೋದಳು.

ಅಳಿಯನೆಂದರೆ ಅವಳಿಗೆ ಅಷ್ಟು ನಾಚಿಕೆ. ಅವನು ಒಳಗೆ ಬಂದರೆ ಸೆರಗು ಮೂಗಿನ ತನಕ ಇಳಿಯುತ್ತಿತ್ತು, ಮಾತೆಲ್ಲ ಗೋಡೆಯ ಜೊತೆ. ‘ರೊಟ್ಟಿ ಆರಾಕತ್ತಾವ, ಉಂಡ್ರ ಚಲೋ ಇತ್ತು’ ಎಂದು ಗೋಡೆಗೆ ಹೇಳುವಳು. ‘ಬಂದೆ ಅಂತ ಹೇಳು’ ಎಂದು ಅವನು ನನಗೆ ಹೇಳುವನು. ಇಬ್ಬರ ಕಿವಿಯೂ ಸರಿಯಾಗಿಯೇ ಇದ್ದವು, ನಡುವೆ ನಾನು ಸುಮ್ಮನೆ ದಣಿಯುತ್ತಿದ್ದೆ. ಹಾಗೆಂದು ಪ್ರೀತಿಗೆ ಕೊರತೆಯಿರಲಿಲ್ಲ. ಎಣ್ಣೆಗಾಯಿ ಮಾಡಿದರೆ ದೊಡ್ಡ ಬದನೆಕಾಯಿ ಅವನ ತಾಟಿಗೆ, ನನಗೆ ತೊಟ್ಟು.

ವಾರ ಕಳೆಯುವುದರೊಳಗೆ ಸುದ್ದಿ ಬಂತು. ಅಪ್ಪನ ಅಣ್ಣ, ದೊಡ್ಡಪ್ಪ ದ್ಯಾವಪ್ಪ, ಅವಳನ್ನು ಬಂಡಿಯಲ್ಲಿ ಮಸ್ಕಿಗೂ ಅಲ್ಲಿಂದ ಲಾರಿಯಲ್ಲಿ ಲಿಂಗಸುಗೂರಿಗೂ ಸಾಗಿಸಿದ್ದ. ನಾವು ಹೋಗಿ ಮುಟ್ಟಿದಾಗ ಅವ್ವ ಡಾಕ್ಟರ್ ಮಾಳಿಂಗಪ್ಪನವರ ಎಂಟು ಮಂಚದ ದವಾಖಾನೆಯ ಒಂದು ಸಣ್ಣ ಕೋಣೆಯಲ್ಲಿ ಮಲಗಿದ್ದಳು. ಕಾಲು ಊದಿ ಕುಂಬಳಕಾಯಿಯಾಗಿತ್ತು. ಅಂಗೈ ತಣ್ಣಗೆ, ತುಟಿ ಬೂದಿಬಣ್ಣ. ನನ್ನನ್ನು ನೋಡಿ ‘ಎಮ್ಮಿ ಕಟ್ಟಿದ್ಯಾ?’ ಎಂದಳು. ನಮ್ಮಲ್ಲಿ ಎಮ್ಮೆಯೇ ಇರಲಿಲ್ಲ.

‘ಕಾಲಿನ ನಂಜು ರಕ್ತದಾಗ ಸೇರೈತಿ’ ಎಂದರು ಡಾಕ್ಟರು. ಅವರು ಇದೇ ಸೀಮೆಯವರು, ನಮ್ಮ ಮಾತೇ ಆಡುವವರು. ‘ಬ್ಲಡ್ ಪ್ರೆಶರ್ ಪಾತಾಳಕ್ಕ ಇಳದೈತಿ. ಉಚ್ಚಿನೂ ಬಂದ್ ಆಗೈತಿ. ಕೀವು ಕೊಯ್ದು ತಗದೀನಿ, ಪೆನ್ಸಿಲಿನ್ ಕೊಡಾಕತ್ತೀನಿ. ಪ್ರೆಶರ್ ಎತ್ತೋ ಔಷಧ ಹಟ್ಟಿ ಚಿನ್ನದ ಗಣಿ ದವಾಖಾನಿಯಿಂದ ತರಿಸೀನಿ, ಸಲಾಯಿನ್‌ದಾಗ ಹನಿ ಹನಿ ಹೋಗಾಕತ್ತೈತಿ. ನೋಡೂನು.’

ಪ್ರೆಶರ್ ನೋಡುವ ಪೆಟ್ಟಿಗೆಯಲ್ಲಿ ಪಾದರಸ ಏರಿಳಿಯುವುದನ್ನು ಕಂಡದ್ದೇ ತಡ, ನನ್ನ ಗಂಡನಿಗೆ ಅದು ತನ್ನದೇ ಇಲಾಖೆಯ ವಸ್ತು ಅನ್ನಿಸಿಬಿಟ್ಟಿತು. ಕಾಲುವೆಯಲ್ಲಿ ನೀರಿನ ಮಟ್ಟ ನೋಡಲು ಗೇಜು ಇರುತ್ತದಲ್ಲ, ಅದೇ ಇದು. ‘ಗೇಜು ಎಷ್ಟೈತ್ರೀ?’ ಎಂದು ನರ್ಸ್ ಖಾತೂನ್‌ಬೀಯನ್ನು ಗಳಿಗೆಗೊಮ್ಮೆ ಕೇಳತೊಡಗಿದ. ಆಕೆ ನಡುವಯಸ್ಸಿನ, ಮಾತಿಗಿಂತ ಕೈ ಚುರುಕಾದ ಹೆಂಗಸು. ಮೊದಲು ಗದರಿಸಿದಳು, ಆಮೇಲೆ ಕೇಳುವ ಮೊದಲೇ ಹೇಳತೊಡಗಿದಳು: ‘ಎಂಬತ್ತು ಐತಿ ಭಾಯಿ, ಇನ್ನೂ ನಿಂತಿಲ್ಲ.’

ಮರುದಿನ ಪಾದರಸ ತುಸು ಏರಿತು, ಆದರೆ ಹೊಟ್ಟೆ ಉಬ್ಬಿತು. ಮುಟ್ಟಿದರೆ ತಮಟೆಯಷ್ಟು ಬಿಗಿ. ಡಾಕ್ಟರು ಮೂಗಿನಿಂದ ಹೊಟ್ಟೆಯ ತನಕ ಒಂದು ನಳಿಕೆ ಇಳಿಸಿ, ಅದರ ಇನ್ನೊಂದು ತುದಿಯನ್ನು ಬಾಟಲಿಗೆ ಬಿಟ್ಟು, ‘ಬಾಯಾಗ ಒಂದು ಹನಿ ನೀರೂ ಹಾಕಬ್ಯಾಡ್ರಿ’ ಎಂದು ಕಟ್ಟಪ್ಪಣೆ ಮಾಡಿದರು. ನಮ್ಮ ಜನಕ್ಕೆ ಒಗ್ಗುವ ಮಾತೇ ಅದು? ಬೇನೆ ಬಿದ್ದವರ ಬಾಯಿಗೆ ಏನೂ ಹಾಕದಿದ್ದರೆ ಅವರ ಕೈಬಿಟ್ಟ ಹಾಗೆ. ದ್ಯಾವಪ್ಪನ ಹೆಂಡತಿ, ದೊಡ್ಡಮ್ಮ ಗ್ಯಾನಮ್ಮ, ಸೆರಗಿನಡಿ ತಂಬಿಗೆ ಬಚ್ಚಿಟ್ಟುಕೊಂಡು ಬಂದು, ನಾನು ಬಟ್ಟೆ ಒಗೆಯಲು ಹೋದಾಗ ಎರಡು ಗುಟುಕು ಅಂಬಲಿ ಕುಡಿಸಿಬಿಟ್ಟಳು. ಡಾಕ್ಟರು ಕೇಳಿದರೆ ‘ದೇವರಾಣಿ, ಏನೂ ಕೊಟ್ಟಿಲ್ರಿ’ ಎಂದಳು. ಬಾಟಲಿಯಲ್ಲಿ ಅಂಬಲಿ ಬೆಳ್ಳಗೆ ನಿಂತು ನಮ್ಮನ್ನೆಲ್ಲ ನೋಡುತ್ತಿತ್ತು. ಅವ್ವ ಓಕರಿಸಿ ಓಕರಿಸಿ ಸುಸ್ತಾದಳು, ಪಾದರಸ ಮತ್ತೆ ಕೆಳಗಿಳಿಯಿತು.

‘ಇನ್ನ ಮ್ಯಾಲ ನಿಮ್ಮ ಮನಿತನದವರ ಒಂದು ಮಾತೂ ನಾ ನಂಬಂಗಿಲ್ಲ!’ ಎಂದು ಡಾಕ್ಟರು ಕೂಗಾಡಿದರು. ಕೂಗಾಡಲಿ, ತಪ್ಪು ನಮ್ಮದೇ. ಸಿಟ್ಟು ಇಳಿದ ಮೇಲೆ ನನ್ನ ಗಂಡನನ್ನು ಕರೆದರು.

‘ನೀ ಲಸ್ಕರ್ ಅಂತಲ್ಲ. ಕಾಲುವ್ಯಾಗ ನೀರು ಕಡಿಮಿ ಆದ್ರ ಮೊದ್ಲು ಒಣಗೋದು ಯಾವ ಹೊಲ?’

‘ಕಟ್ಟಕಡೀದು, ಸಾಹೇಬ್ರ.’

‘ಮೈಯಾಗ ಕಟ್ಟಕಡೀ ಹೊಲ ಅಂದ್ರ ಕರುಳು. ಪ್ರೆಶರ್ ಇಳೀತು ಅಂದ್ರ ಮೈ ಇದ್ದ ರಕ್ತಾನ ತಲಿಗೆ, ಎದಿಗೆ ಇಟ್ಕೊಂಡು ಕರುಳಿಗೆ ಬಂದ್ ಮಾಡ್ತೈತಿ. ನಾವು ಹಾಕೋ ಔಷಧನೂ ಹಂಗ, ಮ್ಯಾಲ ಎತ್ತಾಕ ಹೋಗಿ ಕೆಳಗ ಬಿಗೀತೈತಿ. ಆ ಹೊಲಕ್ಕ ನೀರು ಮುಟ್ಟೂತನಕ ಬೀಜ ಬಿತ್ತಬಹುದೇನು?’

‘ಬಿತ್ತಬಾರ್ದ್ರಿ.’

‘ಹಂಗಾರ ಈ ಬಾಯಿಗೆ ನೀನ ಕಾವಲು. ಯಾರನ್ನೂ ಹತ್ರ ಬಿಡಬ್ಯಾಡ.’

ಅಷ್ಟು ಸಾಕಿತ್ತು. ಗದ್ದೆಪ್ಪ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತ. ಖಾತೂನ್‌ಬೀ ಅವ್ವನ ಮೈ ಒರೆಸುವಾಗ ಮಾತ್ರ ಬಾಗಿಲಿನ ಆಚೆ ನಿಲ್ಲುತ್ತಿದ್ದ. ಆಗಲೂ ಬಾಗಿಲ ಪರದೆಯ ಕೆಳಗೆ ಅವನ ಪಾದಗಳು ಕಾಣುತ್ತಿದ್ದವು. ಗ್ಯಾನಮ್ಮ ಒಮ್ಮೆ ಬರಿಗೈಯಲ್ಲಿ ಬಂದರೂ ‘ಸೆರಗು ಜಾಡಿಸ್ರಿ ದೊಡ್ಡತ್ತೀ’ ಎಂದ. ನನಗಂತೂ ಹೆಮ್ಮೆಯಾಯಿತು. ಹೆತ್ತ ಮಗ ಇದ್ದಿದ್ದರೆ ಇಷ್ಟು ಕೂರುತ್ತಿದ್ದನೋ ಇಲ್ಲವೋ.

ಮೂರು ನಾಲ್ಕು ದಿನದಲ್ಲಿ ಜ್ವರ ಇಳಿಯಿತು. ಪ್ರೆಶರ್ ಎತ್ತುವ ಔಷಧ ನಿಲ್ಲಿಸಿದರೂ ಪಾದರಸ ನೂರರ ಮೇಲೆ ಗಟ್ಟಿಯಾಗಿ ನಿಂತಿತು. ಮೂತ್ರ ಬಂತು. ಅವ್ವ ನನ್ನ ಗುರುತು ಹಿಡಿದಳು, ಸೆರಗು ಎಲ್ಲಿದೆ ಎಂದು ಹುಡುಕಿದಳು, ಆಮೇಲೆ ಸಲಾಯಿನ್ ತೂಗುಹಾಕಿದ ಕಬ್ಬಿಣದ ಕೋಲಿಗೆ ‘ಚಾ ಕುಡದಾರಂತೇನು?’ ಎಂದಳು. ಆ ಊರಿನಲ್ಲಿ ಅವಳ ಗೋಡೆ ಅದೇ. ನಾನು ಅತ್ತದ್ದು ಎಷ್ಟೋ ನಕ್ಕದ್ದೂ ಅಷ್ಟೇ.

ಆದರೆ ಹೊಟ್ಟೆ ಮಾತ್ರ ಇಳಿಯಲಿಲ್ಲ. ಡಾಕ್ಟರು ಬಂದು ಹೊಟ್ಟೆಯ ಮೇಲೆ ಕೊಳವೆ ಇಟ್ಟು ಬಹಳ ಹೊತ್ತು ಆಲಿಸಿದರು. ‘ಸಣ್ಣಗ ಗುಡುಗುಡು ಅನ್ನಾಕತ್ತೈತಿ. ಆದ್ರ ಗಾಳಿ ಹೊರಗ ಬರಬೇಕು’ ಎಂದು, ಅವ್ವನ ಕಿವಿಗೆ ಬಾಗಿ ಎಲ್ಲರಿಗೂ ಕೇಳುವಂತೆ ಕೇಳಿದರು: ‘ಗಾಳಿ ಹೋತೇನಮ್ಮಾ?’

ಅವ್ವನ ಕಣ್ಣು ಸ್ಟೂಲಿನ ಕಡೆ ಹೊರಳಿತು. ಅಳಿಯ ಎರಡೂ ಕೈ ಮೊಣಕಾಲಿನ ಮೇಲಿಟ್ಟುಕೊಂಡು ಉತ್ತರಕ್ಕಾಗಿ ಮುಂದಕ್ಕೆ ಬಾಗಿದ್ದ. ಅವಳು ಸೆರಗು ಗದ್ದದ ತನಕ ಎಳೆದುಕೊಂಡು ಇಲ್ಲವೆಂದು ತಲೆಯಾಡಿಸಿದಳು.

ಡಾಕ್ಟರು ನನ್ನನ್ನು ಹೊರಗೆ ಕರೆದರು. ಪ್ರೆಶರ್ ಬಿದ್ದಿದ್ದ ದಿನಗಳಲ್ಲಿ ರಕ್ತ ಸಿಗದೆ ಕರುಳಿನ ಯಾವುದಾದರೂ ತುಂಡು ಸತ್ತಿದ್ದರೂ ಇರಬಹುದಂತೆ. ಹಾಗಿದ್ದರೆ ಹೊಟ್ಟೆ ತೆರೆದು ನೋಡಬೇಕು, ಅದಕ್ಕೆ ಬಳ್ಳಾರಿಯ ದೊಡ್ಡ ದವಾಖಾನೆಗೇ ಹೋಗಬೇಕು. ‘ಇವತ್ತು ಸಂಜಿ ತನಕ ನೋಡ್ತೀನಿ. ಹಟ್ಟಿ ಕಾಂಟ್ರಾಕ್ಟರ್ ಒಬ್ಬಂವ ಜೀಪು ಕಳಿಸ್ತೀನಂದಾನ. ಗಾಳಿ ಹೋಗಲಿಲ್ಲಂದ್ರ ಕರಕೊಂಡು ಹೋಗ್ರಿ. ಆದ್ರ ಆ ರಸ್ತೆದಾಗ, ಈ ಮೈ…’ ಎಂದು ಅಷ್ಟಕ್ಕೇ ನಿಲ್ಲಿಸಿದರು. ಅವಳು ಬಳ್ಳಾರಿ ಮುಟ್ಟುವುದಿಲ್ಲವೆಂದು ನನಗೆ ಆಗಲೇ ಗೊತ್ತಾಗಿತ್ತು.

ಸುದ್ದಿ ದವಾಖಾನೆಯ ಅಂಗಳದ ಬೇವಿನ ಮರದಡಿಗೆ ಹೋಯಿತು. ಅಲ್ಲಿ ಅರ್ಧ ಪಾಮನಕಲ್ಲೂರು ಬುತ್ತಿ ಕಟ್ಟಿಕೊಂಡು ಬಂದು ಕೂತಿತ್ತು. ಶುರುವಾಯಿತು ನೋಡಿ. ಒಬ್ಬೊಬ್ಬರೇ ಕಿಟಕಿಗೆ ಬಂದು ‘ಗಾಳಿ ಹೋತೇನು?’ ‘ಹೋತೇನಬೇ ಗಾಳಿ?’ ದ್ಯಾವಪ್ಪ ದೊಡ್ಡಪ್ಪ, ಅವ್ವ ಇಡೀ ಆಯುಷ್ಯದಲ್ಲಿ ಮುಖ ತೋರಿಸದ ಭಾವ, ಅವನೂ ಬಂದು ‘ಗಾಳಿ ಹೋತಂದ್ರ ಊರಮ್ಮಗ ಐದು ಕಾಯಿ ಒಡಸ್ತೀನಿ’ ಎಂದು ಗಟ್ಟಿಯಾಗಿ ಹರಕೆ ಹೊತ್ತ. ನನ್ನ ಗಂಡ ಒಳಗಿನಿಂದ, ಕಾಲುವೆಯ ಸುದ್ದಿ ಹೇಳುವ ಹಾಗೆ, ‘ಇನ್ನೂ ಇಲ್ರಿ, ಇನ್ನೂ ಇಲ್ಲ’ ಎಂದು ಪ್ರತಿಯೊಬ್ಬರಿಗೂ ಸಾರುತ್ತಿದ್ದ.

ನಾನು ಅವ್ವನ ಮುಖದ ಬೆವರು ಒರೆಸಲು ಸೆರಗು ಸರಿಸಿದೆ. ಹುಬ್ಬು ಗಂಟಿಕ್ಕಿತ್ತು. ಕಣ್ಣು ಸೂರಿನ ಒಂದು ಕಡೆ ನೆಟ್ಟಿತ್ತು. ಒಂದು ಕೈ ಮಂಚದ ಕಬ್ಬಿಣವನ್ನು ಬಿಗಿಯಾಗಿ ಹಿಡಿದಿತ್ತು. ಹೊದಿಕೆಯ ಕೆಳಗೆ ನೋಡಿದೆ, ಒಳ್ಳೆಯ ಕಾಲಿನ ಬೆರಳುಗಳು ಮಡಚಿಕೊಂಡಿದ್ದವು.

ಆ ಮುಖ ನನಗೆ ಗೊತ್ತಿತ್ತು. ನಮ್ಮ ಕಡೆಯ ಯಾವ ಹೆಂಗಸಿಗೆ ಗೊತ್ತಿಲ್ಲ! ಬಯಲಿಗೆ ಹೋಗಬೇಕೆಂದರೆ ಮುಂಜಾನೆ ಬೆಳಕು ಹರಿಯುವ ಮೊದಲು, ಇಲ್ಲವೇ ಸಂಜೆ ಕತ್ತಲಾದ ಮೇಲೆ. ನಡುವಿನ ಇಡೀ ಹಗಲು ಏನೇ ಆದರೂ ಹಿಡಿದುಕೊಂಡಿರಬೇಕು. ಹೊಲದಲ್ಲಿ ಬಗ್ಗಿ ಕಳೆ ಕೀಳುವಾಗ ಅಕ್ಕಪಕ್ಕದ ಹೆಂಗಸರಲ್ಲಿ ಈ ಮುಖವನ್ನು ಎಷ್ಟು ಸಲ ನೋಡಿಲ್ಲ. ಕರುಳು ಎಂದೋ ಎಚ್ಚತ್ತಿತ್ತು. ಅವ್ವ ಹಿಡಿದುಕೊಂಡಿದ್ದಳು! ಅಳಿಯ ಪಕ್ಕದಲ್ಲಿ, ಭಾವ ಕಿಟಕಿಯಲ್ಲಿ. ಇನ್ನೇನು ಮಾಡಿಯಾಳು?

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಯಾರ ಮೇಲೆ ಎಂದು ಈಗಲೂ ಹೇಳಲಾರೆ. ಕಿಟಕಿಗೆ ಹೋಗಿ ‘ಎಲ್ಲಾರೂ ಗಿಡದ ಕೆಳಗ ನಡೀರಿ!’ ಎಂದು ಚೀರಿ ಅದರ ಕದಗಳನ್ನು ದಡಾರನೆ ಮುಚ್ಚಿದೆ. ಆಮೇಲೆ ಗಂಡನ ಕಡೆ ತಿರುಗಿದೆ.

‘ನೀನೂ ನಡಿ.’

‘ನಾನ್ಯಾಕ? ಕಾವಲು ಬಿಟ್ಟು ಹೆಂಗ ಹೋಗ್ಲಿ? ಸಾಹೇಬ್ರು ಹೇಳ್ಯಾರ.’

ಅವನನ್ನು ಬಾಗಿಲ ಆಚೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದೆ: ‘ನೀ ಕುಂತೀಯಂತ ಅವ್ವ ಬಿಡವಲ್ಲಳು. ತಿಳೀತೇನು? ನಾಚಿಕಿ.’

ಅವನ ಮುಖ ಸಣ್ಣದಾಯಿತು. ‘ಇಷ್ಟು ದಿನ ಕುಂತೀನಿ’ ಎಂದ. ‘ಮಗ ಕುಂತಂಗ ಕುಂತೀನಿ. ಇನ್ನೂ ನಾ ಹೊರಗಿನವನೇನು?’

‘ಮಗ ಆಗಿದ್ರ ನಾಚ್ತಿದ್ದಿಲ್ಲ. ಅಳಿಯ ಅದೀ. ಅದಕ್ಕ ನಾ ಏನು ಮಾಡ್ಲಿ?’ ಎಂದೆ. ಒರಟಾಗಿಯೇ ಹೇಳಿದೆ, ಸಂಜೆ ಹತ್ತಿರವಾಗುತ್ತಿತ್ತು. ಅವನು ಕೋಲು ತೆಗೆದುಕೊಂಡು ಅಂಗಳಕ್ಕೆ ಇಳಿದ. ಬೇವಿನ ಮರದಡಿ ದವಾಖಾನೆಗೆ ಬೆನ್ನು ಮಾಡಿ ಕೂತದ್ದನ್ನು ಕಂಡಾಗ ನನಗೆ ಪಾಪ ಅನ್ನಿಸಿತು.

ಒಳಗೆ ಬಂದು ಬಾಗಿಲಿಗೆ ಅಗುಳಿ ಹಾಕಿದೆ.

‘ಹೋದ್ರೇನು?’ ಎಂದಳು ಅವ್ವ.

‘ಹೋದ್ರು.’

‘ದೂರ?’

‘ಡ್ಯಾಮಿನ ತನಕ ಹೋಗ್ಯಾರ. ನಾನೂ ಕಿವಿ ಮುಚ್ಕೊಂತೀನಿ. ಬಿಡಬೇ ಇನ್ನ, ನಿನ್ನ ಕಾಲಿಗೆ ಬೀಳ್ತೀನಿ.’

ಮಂಚದ ಕಬ್ಬಿಣ ಹಿಡಿದಿದ್ದ ಕೈ ಮೆಲ್ಲಗೆ ಸಡಿಲಾಯಿತು. ಆಮೇಲೆ ಆದದ್ದನ್ನು ಹೇಗೆ ಬರೆಯಲಿ. ಸಣ್ಣದಾಗಿ ಶುರುವಾಗಿ, ನಿಲ್ಲುತ್ತದೆ ಎನ್ನುವಷ್ಟರಲ್ಲಿ ದೊಡ್ಡದಾಗಿ, ಅಷ್ಟು ದಿನ ಕೂಡಿಟ್ಟದ್ದೆಲ್ಲ ಒಂದೇ ಉಸಿರಿಗೆ ಹೊರಬಂತು. ಕಿವಿ ಮುಚ್ಚಿಕೊಂಡದ್ದು ದಂಡ. ನಾನು ಅವಳ ಹೊಟ್ಟೆಯ ಮೇಲೆ ತಲೆಯಿಟ್ಟು ಅತ್ತೆ. ‘ಅಳ್ತೀಯಲ್ಲ, ಹುಚ್ಚಿ’ ಎಂದಳು, ಅವಳ ಮುಖ ಕಳೆ ಕಿತ್ತು ಮನೆಗೆ ಬಂದವಳ ಮುಖದಷ್ಟು ಹಗುರಾಗಿತ್ತು.

ಆಗಲೇ ಹೊರಗೆ ಜೀಪಿನ ಹಾರ್ನು ಕೇಳಿತು. ಡಾಕ್ಟರು ಬಾಗಿಲು ಬಡಿದರು. ಅಗುಳಿ ತೆಗೆದು ‘ಹೋತ್ರಿ, ಗಾಳಿ ಹೋತ್ರಿ!’ ಎಂದೆ. ಅವರು ನನ್ನನ್ನೊಮ್ಮೆ, ಮುಚ್ಚಿದ ಕಿಟಕಿಯನ್ನೊಮ್ಮೆ ನೋಡಿದರು.

‘ಬಳ್ಳಾರಿ ಬ್ಯಾಡಂತ ಸುಳ್ಳು ಹೇಳಾಕತ್ತೀಯೇನವ್ವಾ? ಅಂಬಲಿ ಕೊಟ್ಟಿಲ್ಲ ಅಂದವರೂ ನೀವ ಅಲ್ಲೇನು?’ ಎಂದು ಅವ್ವನ ಕಡೆ ತಿರುಗಿದರು. ‘ಹೋತೇನಮ್ಮಾ?’ ಡಾಕ್ಟರ ಹಿಂದೆ ಬಾಗಿಲಲ್ಲಿ ಖಾತೂನ್‌ಬೀ, ಅವಳ ಹಿಂದೆ ಹಾರ್ನು ಕೇಳಿ ಓಡಿಬಂದ ಗದ್ದೆಪ್ಪ. ಅವ್ವನ ಸೆರಗು ಮತ್ತೆ ಇಳಿಯಿತು. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನ್ನಿಸಿತು.

ಡಾಕ್ಟರು ಬಾಗಿಲ ಕಡೆ ನೋಡಿದರು. ‘ಗದ್ದೆಪ್ಪ, ಈ ಮನಿತನದಾಗ ನಿನ್ನ ಒಬ್ಬನ ಮಾತು ನಂಬ್ತೀನಿ. ನೀ ಹೇಳು.’

ಅವನ ಕಿವಿಗಳು ಕೆಂಪಾಗಿದ್ದವು. ಅವನಿಗೆ ಕೇಳಿಸಿದೆ ಎಂದು ಅದರಿಂದಲೇ ನನಗೆ ಗೊತ್ತಾಯಿತು. ಕೇಳಿಸಿಲ್ಲ ಎಂದರೆ ಅತ್ತೆಯ ಮಾನ ಉಳಿಯುತ್ತದೆ, ಜೀಪು ಹೊರಡುತ್ತದೆ. ಕೇಳಿಸಿತು ಎಂದರೆ ಅವಳು ಇನ್ನು ಅವನ ಮನೆಯ ಹೊಸ್ತಿಲು ತುಳಿಯುವುದು ಅನುಮಾನ. ಅವನು ಚೌಕಟ್ಟು ಹಿಡಿದುಕೊಂಡು ನೆಲ ನೋಡುತ್ತ ನಿಂತ.

‘ಹೋತ್ರಿ, ಸಾಹೇಬ್ರ’ ಎಂದ ಕೊನೆಗೆ. ‘ನಾ ಕೇಳೀನಿ. ಬೇವಿನ ಗಿಡದ ತನಕ ಕೇಳಿಸ್ತು.’

ಸೆರಗು ನಡುಗತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡು ನಾನು ಹತ್ತಿರ ಹೋದೆ. ಅಳುವಲ್ಲ. ಅವ್ವ ನಗುತ್ತಿದ್ದಳು.

‘ಬೇವಿನ ಗಿಡದ ತನಕ?’ ಎಂದಳು ಅವಳು ಸೆರಗಿನೊಳಗಿಂದ. ಗೋಡೆಗಲ್ಲ, ಸಲಾಯಿನ್ ಕೋಲಿಗಲ್ಲ. ‘ನಿಮ್ಮ ದೊಡ್ಡಮಾವ ಏನಂದ್ರಪಾ?’

‘ಅವ್ರು…’ ನನ್ನ ಗಂಡ ಅಂಗಳದ ಕಡೆ ಕೈ ಮಾಡಿದ. ‘ಅವ್ರು ಕಾಯಿ ತರಾಕ ಓಡ್ಯಾರ್ರಿ ಅತ್ತೀ.’

ಆಗ ಅವಳ ನಗು ಕಟ್ಟೆಯೊಡೆಯಿತು. ಹೊಟ್ಟೆ ಹಿಡಿದುಕೊಂಡು, ಗಾಯದ ಕಾಲು ನೋಯುತ್ತದೆಂದು ನರಳುತ್ತ, ಮತ್ತೆ ನಗುತ್ತ. ಆ ನಗುವಿನ ನಡುವೆಯೇ, ಡಾಕ್ಟರು, ನರ್ಸು,  ಅಳಿಯ ಎಲ್ಲರೆದುರಿಗೆ ಎರಡನೆಯದೂ ಬಂತು. ಈ ಸಲ ಸಾಕ್ಷಿ ಬೇಕಾಗಲಿಲ್ಲ. ‘ಯಾ ಅಲ್ಲಾ, ಶುಕರ್!’ ಎಂದು ಖಾತೂನ್‌ಬೀ ಕೈಯೆತ್ತಿದಳು. ಡಾಕ್ಟರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು, ‘ಜೀಪಿನವನಿಗೆ ಹೋಗು ಅನ್ರಿ’ ಎಂದರು.

ಅವರು ಮತ್ತೆ ಹೊಟ್ಟೆ ಆಲಿಸಿದರು, ಪ್ರೆಶರ್ ನೋಡಿದರು, ನಳಿಕೆಯ ಬಾಯಿ ಮುಚ್ಚಿದರು. ತುಸು ಉಪ್ಪು, ತುಸು ಸಕ್ಕರೆ ಹಾಕಿ ಕಾಸಿ ಆರಿಸಿದ ನೀರು, ಒಂದೊಂದೇ ಚಮಚ, ಅವಸರವಿಲ್ಲದೆ. ಅದು ನಿಂತರೆ ನಾಳೆ ಗಂಜಿಯ ತಿಳಿ. ಚಮಚ ನನ್ನ ಕೈಗೆ ಬಂತು. ಸಂತೋಷದ ಅವಸರದಲ್ಲಿ ಅಂಚಿನ ತನಕ ತುಂಬಿದೆ. ಮೊದಲ ಚಮಚ ಅವ್ವನ ಗದ್ದದ ಮೇಲೆ ಚೆಲ್ಲಿತು.

‘ನಿನ್ನ ಕೈಲೆ ಆಗಂಗಿಲ್ಲ, ಬಿಡು’ ಎಂದಳು ಅವ್ವ. ‘ಗದ್ದೆಪ್ಪನ ಕೈಯಾಗ ಕೊಡು.’

ಅತ್ತೆಯಾದವಳು ಅಳಿಯನೆದುರು ನೀರು ಕುಡಿಯುವಾಗಲೂ ಗೋಡೆಗೆ ಮುಖ ಮಾಡುವ ಸೀಮೆ ನಮ್ಮದು. ನನ್ನ ಗಂಡ ಕೋಲನ್ನು ಮೂಲೆಗೆ ಒರಗಿಸಿ, ಕೈ ತೊಳೆದುಕೊಂಡು ಬಂದು ಸ್ಟೂಲಿನ ಮೇಲೆ ಕೂತ. ಚಮಚ ತುಂಬಿ, ಒಂದು ಹನಿಯೂ ತುಳುಕದಂತೆ ಎತ್ತಿ ಹಿಡಿದ. ಅವ್ವ ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿ, ಅವನ ಮುಖವನ್ನೇ ನೋಡುತ್ತ ಬಾಯಿ ತೆರೆದಳು. ಅವನ ಕಣ್ಣೀರು ಮೀಸೆಯ ತನಕ ಇಳಿದರೂ ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಹೆತ್ತ ಮಗಳು ನಾನು ಬದಿಯಲ್ಲಿ ನಿಂತು ನೋಡುತ್ತಿದ್ದೆ. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಆದರೆ ಅಷ್ಟು ಸುಖದ ಹೊಟ್ಟೆಕಿಚ್ಚು ನನಗೆ ಮತ್ತೆಂದೂ ಆಗಿಲ್ಲ.